ಕುಣಿಗಲ್ಲಿನ ಕೆರೆ, ಕುಣಿಗಲ್ಲಿನ ಕುದುರೆ

(ಆಕಾಶವಾಣಿ ಭಾಷಣ)

ಕೆಲವು ಊರುಗಳು ಕೋಟೆಯಿಂದ ಹೆಸರಾಗುತ್ತವೆ, ಕೆಲವು ದೇವರಿಂದ, ಕೆಲವು ಸಂತೆಯಿಂದ. ಕುಣಿಗಲ್ಲು ಹೆಸರಾದದ್ದು ಒಂದು ಹಾಡಿನಿಂದ. ಆ ಊರನ್ನು ಕಣ್ಣಿನಿಂದ ಕಾಣದವರೂ ಅದರ ಕೆರೆಯನ್ನು ಬಲ್ಲರು. ಆ ಕೆರೆಯ ಮೇಲೆ ಮೂಡಿಬರುವ ಚಂದ್ರನನ್ನು ಬಲ್ಲರು. ಮದುವೆಯ ಮನೆಯಲ್ಲಿ, ಶಾಲೆಯ ವಾರ್ಷಿಕೋತ್ಸವದಲ್ಲಿ, ಇದೇ ಆಕಾಶವಾಣಿಯ ಜನಪದ ಗೀತೆಗಳ ಕಾರ್ಯಕ್ರಮದಲ್ಲಿ ಅದನ್ನು ಕೇಳುತ್ತಲೇ ನಾವೆಲ್ಲರೂ ಬೆಳೆದೆವು. ನಾನು ಮೈಸೂರಿನಲ್ಲಿ ಜಾನಪದದ ಪಾಠ ಹೇಳುತ್ತಿದ್ದ ವರ್ಷಗಳಲ್ಲಿ, ‘ಕುಣಿಗಲ್ಲಿನ ವಿಷಯ ನಿಮಗೇನು ಗೊತ್ತು?’ ಎಂದು ಕೇಳಿದರೆ ಇಡೀ ತರಗತಿ ಆ ಹಾಡಿನ ಮೊದಲ ಸಾಲನ್ನು ಹೇಳುತ್ತಿತ್ತು. ‘ಅಲ್ಲಿ ಇನ್ನೇನಿದೆ?’ ಎಂದರೆ ಮೌನ. ಅಪರೂಪಕ್ಕೆ, ತುಮಕೂರು ಸೀಮೆಯಿಂದ ಬಂದ ವಿದ್ಯಾರ್ಥಿಯೊಬ್ಬ ‘ಕುದುರೆ ಫಾರಂ ಇದೆ ಸಾರ್’ ಎನ್ನುತ್ತಿದ್ದ, ಉಳಿದವರು ನಗುತ್ತಿದ್ದರು.

ಆ ನಗುವಿನ ವಿಷಯವಾಗಿಯೇ ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಒಂದೇ ಊರಿನಲ್ಲಿ, ಒಂದೇ ಮಣ್ಣಿನ ಮೇಲೆ ಎರಡು ಪರಂಪರೆಗಳು ಬೆಳೆದುಬಂದವು. ಒಂದಕ್ಕೆ ಹಾಡು ದೊರೆಯಿತು, ಇನ್ನೊಂದಕ್ಕೆ ದೊರೆಯಲಿಲ್ಲ. ಹಾಡು ದೊರೆತದ್ದು ನಾಡಿನ ಸ್ವತ್ತಾಯಿತು. ದೊರೆಯದೆ ಹೋದದ್ದು ಇಷ್ಟು ಎಕರೆ, ಇಷ್ಟು ಗುಂಟೆ ಎಂಬ ಲೆಕ್ಕವಾಗಿ ಉಳಿಯಿತು.

ಕುಣಿಗಲ್ಲು ತುಮಕೂರು ಜಿಲ್ಲೆಯ ದಕ್ಷಿಣದ ತಾಲ್ಲೂಕಿನ ಮುಖ್ಯಸ್ಥಳ. ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ಸುಮಾರು ೭೦ ಕಿಲೋಮೀಟರ್ ದೂರದಲ್ಲಿದೆ. ಮೈಸೂರಿನಿಂದ ಹೋಗುವವರು ಮದ್ದೂರು, ಹುಲಿಯೂರುದುರ್ಗಗಳನ್ನು ದಾಟಿ ಹೋಗಬಹುದು. ಸಮುದ್ರಮಟ್ಟದಿಂದ ಸುಮಾರು ೨೫೦೦ ಅಡಿ ಎತ್ತರದ ಬಯಲು. ಬೇಸಗೆಯಲ್ಲಿಯೂ ಸಂಜೆಯ ಗಾಳಿಗೆ ತಂಪು ಉಂಟು. ರಾಗಿಯ ಹೊಲ, ತೆಂಗಿನ ತೋಟ, ನಡುನಡುವೆ ಬಂಡೆಯ ಬೆಟ್ಟಗಳು. ಹುತ್ರಿದುರ್ಗ, ಹುಲಿಯೂರುದುರ್ಗಗಳೆಂಬ ಗಿರಿದುರ್ಗಗಳು ಈ ತಾಲ್ಲೂಕಿನವೇ. ಶಿಂಷಾ ನದಿಯೂ ಅದನ್ನು ಸೇರುವ ನಾಗಿನಿ ಎಂಬ ಸಣ್ಣ ಹೊಳೆಯೂ ಈ ನೆಲಕ್ಕೆ ನೀರುಣಿಸುತ್ತವೆ. ನಾಗಿನಿಯ ದಡದ ಕಗ್ಗೆರೆಯಲ್ಲಿ ತೋಂಟದ ಸಿದ್ಧಲಿಂಗ ಯತಿಗಳು ತಪಸ್ಸು ಮಾಡಿದರು, ಮೈಮೇಲೆ ಹುತ್ತ ಬೆಳೆಯಿತು ಎಂಬ ಐತಿಹ್ಯವಿದೆ. ಅವರ ಗದ್ದುಗೆ ಇರುವ ಎಡಿಯೂರು ಹೆದ್ದಾರಿಯ ಮುಂದಿನ ಊರು. ಏಳುನೂರಒಂದು ವಚನಗಳ ‘ಷಟ್‌ಸ್ಥಲ ಜ್ಞಾನಸಾರಾಮೃತ’ವನ್ನು ಕನ್ನಡಕ್ಕೆ ಕೊಟ್ಟವರು ಅವರು. ಮಾರ್ಕೋನಹಳ್ಳಿಯಲ್ಲಿ ಶಿಂಷೆಗೆ ಕಟ್ಟಿದ ಅಣೆಕಟ್ಟು, ನೀರು ಮಿತಿಮೀರಿದಾಗ ತಾನಾಗಿಯೇ ಹೊರಚೆಲ್ಲುವ ಸೈಫನ್ನುಗಳಿಗಾಗಿ ಪ್ರಸಿದ್ಧ.

ಊರಿನ ಹೆಸರಿಗೆ ಜನ ಹೇಳುವ ಅರ್ಥ ಸೊಗಸಾಗಿದೆ: ಶಿವನು ಇಲ್ಲಿ ಕುಣಿದನು, ಆದ್ದರಿಂದ ಇದು ಕುಣಿ-ಕಲ್ಲು, ಕುಣಿಗಲ್ಲು. ಶಾಸನಗಳಲ್ಲಿ ಈ ಸೀಮೆಗೆ ಕುನುಂಗಿಲ್ ಎಂಬ ಹಳೆಯ ರೂಪ ಕಾಣುತ್ತದೆ. ಹೆಸರು ಮೊದಲೋ ಕಥೆ ಮೊದಲೋ ಎಂಬ ಚರ್ಚೆ ಪಂಡಿತರಿಗಿರಲಿ. ಕಲ್ಲೇ ಕುಣಿಯುವ ಊರಿನಲ್ಲಿ ಕುದುರೆ ಕುಣಿದರೆ ಆಶ್ಚರ್ಯವೇನು?

ಈಗ ಕೆರೆಯ ಹಾಡು. ನಮ್ಮ ನಾಡು ಕೆರೆಗಳ ನಾಡು. ಕೆರೆಯ ಹಾಡುಗಳೂ ಕಡಮೆಯಿಲ್ಲ. ಆದರೆ ಅವುಗಳಲ್ಲಿ ಹೆಸರಾಂತವು ದುಃಖದ ಹಾಡುಗಳು. ಕಲ್ಲನಕೇರಿಯ ಮಲ್ಲನಗೌಡ ಕಟ್ಟಿಸಿದ ಕೆರೆಗೆ ಕಿರಿಯ ಸೊಸೆ ಭಾಗೀರಥಿ ಆಹುತಿಯಾದ ‘ಕೆರೆಗೆ ಹಾರ’ವನ್ನು ಓದಿ ಕಣ್ಣು ತೇವವಾಗದವರಿಲ್ಲ. ನೀರು ಬರಬೇಕಾದರೆ ಏನನ್ನಾದರೂ ಕೊಡಬೇಕು ಎಂಬ ಭಯ ಆ ಹಾಡುಗಳ ಆಳದಲ್ಲಿದೆ. ಕುಣಿಗಲ್ ಕೆರೆಯ ಹಾಡು ಈ ಸಾಲಿಗೆ ಸೇರಿದ್ದಲ್ಲ. ಅದು ನೋಡುವ ಸುಖದ ಹಾಡು. ತುಂಬಿದ ನೀರು, ಅದರ ಮೇಲೆ ಬೆಳದಿಂಗಳು, ನೋಡಿದವರ ಭಾಗ್ಯ. ಬರದ ಬವಣೆಯನ್ನು ಬಲ್ಲ ಬಯಲುಸೀಮೆಯ ಜನ ತುಂಬಿದ ಕೆರೆಯನ್ನು ಕಂಡು ಹಿಗ್ಗಿದ ಹಿಗ್ಗು ಅದರಲ್ಲಿದೆ. ಹೇಮಾವತಿಯ ನಾಲೆಯ ನೀರಿಗಾಗಿ ತಾಲ್ಲೂಕು ತಾಲ್ಲೂಕುಗಳೇ ವಾದಿಸುವ ಈ ಕಾಲದಲ್ಲಿ ಆ ಹಿಗ್ಗಿನ ಬೆಲೆ ನಮಗೆ ಇನ್ನೂ ಚೆನ್ನಾಗಿ ತಿಳಿಯಬೇಕು.

ಹಾಡು ಕೆರೆಗೆ ಮಾಡಿದ ಉಪಕಾರ ಸಣ್ಣದಲ್ಲ. ಕುಣಿಗಲ್ ಕೆರೆಯನ್ನು ಯಾರಾದರೂ ಮುಚ್ಚಹೊರಟರೆ ಮೈಸೂರಿನಲ್ಲಿ ಕುಳಿತ ನಮಗೂ ನೋಯುತ್ತದೆ. ನಮ್ಮ ಮನೆಯದೇನೋ ಹೋದಂತೆ ಆಗುತ್ತದೆ. ಕೆರೆಯ ಏರಿಗೆ ಕಲ್ಲು ಕಟ್ಟಿದವರು ಒಬ್ಬರಾದರೆ, ನಾಡಿನ ನೆನಪಿನಲ್ಲಿ ಇನ್ನೊಂದು ಏರಿಯನ್ನು ಕಟ್ಟಿದವರು ಹೆಸರಿಲ್ಲದ ಹಾಡುಗಾರರು.

ಇನ್ನು ಕುದುರೆಯ ಮಾತು. ಕನ್ನಡ ಸಾಹಿತ್ಯದಲ್ಲಿ ಕುದುರೆಗೆ ಸ್ಥಾನವಿಲ್ಲವೆಂದು ಹೇಳಲಾಗದು. ಮನೆಮನೆಗಳಲ್ಲಿ ಓದಿಸಿಕೊಂಡ ಲಕ್ಷ್ಮೀಶನ ‘ಜೈಮಿನಿ ಭಾರತ’ ಅಶ್ವಮೇಧದ ಕುದುರೆಯ ಬೆನ್ನುಹತ್ತಿ ಹೋಗುವ ಕಾವ್ಯ. ಸುಧನ್ವ, ಬಭ್ರುವಾಹನ, ಚಂದ್ರಹಾಸರು ನಮಗೆ ದೊರೆತದ್ದು ಆ ಕುದುರೆಯ ದಾರಿಯಲ್ಲಿ. ಶಾಸ್ತ್ರಗ್ರಂಥಗಳೂ ಉಂಟು. ಸುಮಾರು ೧೪೦೦ರ ಹೊತ್ತಿಗೆ ಅಭಿನವಚಂದ್ರನು ‘ಅಶ್ವವೈದ್ಯ’ವನ್ನು ಬರೆದನು, ೧೬೨೭ರಲ್ಲಿ ಪದ್ಮಣ ಪಂಡಿತನು ‘ಹಯಸಾರಸಮುಚ್ಚಯ’ವನ್ನು ರಚಿಸಿದನು. ಚಾಳುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ಸಂಸ್ಕೃತ ‘ಮಾನಸೋಲ್ಲಾಸ’ದಲ್ಲಿ ಕುದುರೆ ಏರಿ ಆಡುವ ಚೆಂಡಾಟದ ವರ್ಣನೆಯೇ ಇದೆ. ಅಶ್ವಾಧಿಕಾರಿಗೆ ಸಾಹಣಿ, ಸವಾರನಿಗೆ ರಾವುತ ಎಂಬ ಮಾತುಗಳು ಶಾಸನಕಾಲದಿಂದ ಬಂದಿವೆ. ನಮ್ಮ ವೀರಗಲ್ಲುಗಳಲ್ಲಿ ಕುದುರೆಯ ಮೇಲೆ ಕುಳಿತು ಸತ್ತವರು ಎಷ್ಟೋ ಮಂದಿ.

ಇಷ್ಟಿದ್ದರೂ ಒಂದು ಕೊರತೆ ಉಳಿಯುತ್ತದೆ. ದಕ್ಷಿಣದ ಅರಸರ ಒಳ್ಳೆಯ ಕುದುರೆಗಳು ಬಹುಮಟ್ಟಿಗೆ ಕೊಂಡು ತಂದವು. ಹದಿಮೂರನೆಯ ಶತಮಾನದಲ್ಲಿ ತಮಿಳು ಕರಾವಳಿಯನ್ನು ಕಂಡ ಮಾರ್ಕೊ ಪೋಲೊ, ಅಲ್ಲಿಗೆ ಬಂದ ಕುದುರೆಗಳು ಆರೈಕೆ ತಿಳಿಯದ ಕೈಗಳಲ್ಲಿ ಬೇಗ ಸಾಯುತ್ತವೆಂದೂ ಹುಟ್ಟುವ ಮರಿಗಳ ಕಾಲು ಸೊಟ್ಟವೆಂದೂ ಬರೆದಿದ್ದಾನೆ. ಪೋರ್ಚುಗೀಸ್ ವರ್ತಕ ನೂನಿಜ್ ಹೇಳುವ ಸಂಗತಿ ಇನ್ನೂ ಸ್ವಾರಸ್ಯದ್ದು. ವಿಜಯನಗರದ ಸಾಳುವ ನರಸಿಂಹನು ಹೊರ್ಮುಜ್, ಏಡನ್‌ಗಳಿಂದ ಕುದುರೆಗಳನ್ನು ತರಿಸುತ್ತಿದ್ದನಂತೆ. ಹಡಗಿನಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಸಾಕು, ಬದುಕಿದ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನಂತೆ. ಮುಂದಿನ ಅರಸರ ಕಾಲಕ್ಕೆ ವರ್ಷಕ್ಕೆ ೧೩ ಸಾವಿರ ಕುದುರೆಗಳ ಖರೀದಿಯನ್ನು ಆತ ಹೇಳುತ್ತಾನೆ. ಬಾಲಕ್ಕೂ ಹಣ ಕೊಡಬೇಕಾದ ಸಾಮ್ರಾಜ್ಯದ ಕಷ್ಟವನ್ನು ಯೋಚಿಸಿ. ಯುದ್ಧದ ಗೆಲವು ಸೋಲು ಕಡಲಾಚೆಯ ಸರಕಿನ ಮೇಲೆ, ಬಂದರುಗಳನ್ನು ಹಿಡಿದವನ ದಯೆಯ ಮೇಲೆ ನಿಂತಿತ್ತು.

ಈ ಹಿನ್ನೆಲೆಯಲ್ಲಿ ಕುಣಿಗಲ್ಲಿನ ಮಹತ್ತ್ವ ಅರ್ಥವಾಗುತ್ತದೆ. ಕುದುರೆಯನ್ನು ಕೊಳ್ಳುವುದರ ಬದಲು ಇಲ್ಲಿಯೇ ಹುಟ್ಟಿಸಿ ಬೆಳೆಸಬೇಕೆಂಬ ಸಂಕಲ್ಪ ಅಲ್ಲಿ ರೂಪುಗೊಂಡಿತು. ಆ ಕ್ಷೇತ್ರದ ಮೊದಲನ್ನು ಟಿಪ್ಪು ಸುಲ್ತಾನನ ಕಾಲಕ್ಕೆ, ಸಾಮಾನ್ಯವಾಗಿ ೧೭೯೦ಕ್ಕೆ, ಒಯ್ಯುತ್ತಾರೆ. ಅದು ಮೂರನೆಯ ಮೈಸೂರು ಯುದ್ಧ ಆರಂಭವಾದ ವರ್ಷ. ಆ ಯುದ್ಧದಲ್ಲಿಯೇ ಹುಲಿಯೂರುದುರ್ಗ, ಹುತ್ರಿದುರ್ಗಗಳು ಕಾರ್ನ್‌ವಾಲಿಸನ ಸೈನ್ಯದ ಕೈಸೇರಿದವು. ಅರಬ್ಬೀ ತಳಿಯ ಕುದುರೆಗಳನ್ನು ತಂದು ಸೈನ್ಯಕ್ಕಾಗಿ ಸಂತಾನ ಬೆಳೆಸುವುದು ಉದ್ದೇಶ. ಮೈಸೂರಿಗೆ ಇದು ತೀರ ಹೊಸ ಯೋಚನೆಯಲ್ಲ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿಯೇ ರಾಜ್ಯದ ದನಗಳ ಪಾಲನೆಗೆ ಬೆಣ್ಣೆ ಚಾವಡಿ ಎಂಬ ಇಲಾಖೆ ಇತ್ತು. ಅದೇ ಮುಂದೆ ಟಿಪ್ಪುವಿನಿಂದ ಅಮೃತಮಹಲ್ ಎಂಬ ಹೆಸರು ಪಡೆಯಿತು. ಅದಕ್ಕೆ ಕಾವಲುಗಳೆಂಬ ಹುಲ್ಲುಗಾವಲುಗಳನ್ನು ಮೀಸಲಿಟ್ಟರು. ಫಿರಂಗಿ ಎಳೆಯುವ ಎತ್ತುಗಳು ಅಲ್ಲಿ ಬೆಳೆದವು. ಎತ್ತಿಗೆ ಮಾಡಿದ ಏರ್ಪಾಡನ್ನು ಕುದುರೆಗೂ ಮಾಡಿದ ಸ್ಥಳ ಕುಣಿಗಲ್ಲು.

೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಕ್ಷೇತ್ರ ಬೀಳಲಿಲ್ಲ, ಯಜಮಾನರು ಬದಲಾದರು. ಕುಂಪಣಿ ಸರ್ಕಾರಕ್ಕೂ ಕುದುರೆ ಬೇಕಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರಿನ ಸಿಲೇದಾರರಿಗಾಗಿ ಇಲ್ಲಿ ಕುದುರೆಗಳನ್ನು ಬೆಳೆಸಿದರು. ಸಿಲೇದಾರನೆಂದರೆ ತನ್ನ ಕುದುರೆ, ತನ್ನ ಆಯುಧಗಳೊಡನೆ ಸೇವೆಗೆ ನಿಲ್ಲುವ ಸವಾರ. ಅವನಿಗೆ ಕುದುರೆಯೇ ಆಸ್ತಿ, ಕುದುರೆಯೇ ಅನ್ನ. ಇಂಥ ಅಶ್ವಪರಂಪರೆಯ ನಾಡಿನ ಮೈಸೂರು ಲ್ಯಾನ್ಸರ್ಸ್ ದಳ, ೧೯೧೮ರ ಸೆಪ್ಟೆಂಬರ್ ೨೩ರಂದು, ಜೋಧಪುರದ ದಳದೊಡನೆ, ಭರ್ಜಿ ಕತ್ತಿಗಳನ್ನು ಹಿಡಿದು ಮೆಷಿನ್ ಗನ್ನುಗಳಿಗೆ ಎದುರಾಗಿ ಹೈಫಾ ನಗರವನ್ನು ಗೆದ್ದುಕೊಂಡಿತು. ದೆಹಲಿಯ ತೀನ್ ಮೂರ್ತಿಯ ಮೂರು ಕಂಚಿನ ಯೋಧರಲ್ಲಿ ಒಬ್ಬ ಮೈಸೂರಿನವನು ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ನೆನಪಿದೆ?

ಯುದ್ಧದಿಂದ ಕುದುರೆ ಮರೆಯಾದ ಮೇಲೆ ಕುಣಿಗಲ್ಲು ಓಟದ ಕುದುರೆಗಳ ತೊಟ್ಟಿಲಾಯಿತು. ಇಂಡಿಯನ್ ಡರ್ಬಿಯಂಥ ದೊಡ್ಡ ಪಂದ್ಯಗಳನ್ನು ಗೆದ್ದ ಕುದುರೆಗಳು ಅಲ್ಲಿ ಹುಟ್ಟಿವೆ. ಥರೋಬ್ರೆಡ್ ಎನ್ನುವ ಈ ತಳಿ ಇಂಗ್ಲೆಂಡಿನಲ್ಲಿ ರೂಪುಗೊಂಡಿತಾದರೂ, ಅದರ ಮೂಲಪುರುಷರು ಹದಿನೇಳನೆಯ ಶತಮಾನದ ಕೊನೆಯಲ್ಲಿ ಮತ್ತು ಹದಿನೆಂಟರ ಆದಿಯಲ್ಲಿ ಪೂರ್ವದೇಶಗಳಿಂದ ಅಲ್ಲಿಗೆ ಹೋದ ಮೂರು ಗಂಡು ಕುದುರೆಗಳು. ಪ್ರತಿಯೊಂದು ಮರಿಯ ತಾಯಿ ತಂದೆ, ಅಜ್ಜಿ ಅಜ್ಜ, ಮುತ್ತಜ್ಜರ ಹೆಸರು ವಂಶಾವಳಿಯ ಪುಸ್ತಕದಲ್ಲಿ ದಾಖಲಾಗಬೇಕು. ನಮ್ಮ ರಾಜವಂಶಗಳ ಎಷ್ಟೋ ತಾಮ್ರಪಟಗಳು ಅಷ್ಟು ಪ್ರಾಮಾಣಿಕವಾಗಿಲ್ಲ!

ಆ ಕ್ಷೇತ್ರದ ಕೆಲಸ ಎಷ್ಟು ನಿಧಾನದ್ದು ಎಂಬುದು ಹೆದ್ದಾರಿಯಲ್ಲಿ ಧಾವಿಸುವವರಿಗೆ ತಿಳಿಯದು. ಕುದುರೆ ಮರಿಯನ್ನು ಹೊರುವುದು ಹನ್ನೊಂದು ತಿಂಗಳು. ಮರಿ ಹುಟ್ಟಿ ಒಂದು ಗಂಟೆಯೊಳಗೆ, ನಡುಗುವ ಉದ್ದ ಕಾಲುಗಳ ಮೇಲೆ, ಎದ್ದು ನಿಲ್ಲಬೇಕು. ಬೇಗನೆ ತಾಯಿಯ ಗಿಣ್ಣುಹಾಲು ಕುಡಿಯಬೇಕು. ಸುಮಾರು ಆರು ತಿಂಗಳಿಗೆ ಹಾಲು ಬಿಡಿಸುತ್ತಾರೆ. ಆಮೇಲೆ ಬಯಲೇ ಅದರ ಪಾಠಶಾಲೆ. ಓಡಿ ಓಡಿ ಮೂಳೆ ಗಟ್ಟಿಯಾಗಬೇಕು, ಜೊತೆಯವರೊಡನೆ ಸೆಣಸಿ ಎದೆ ಗಟ್ಟಿಯಾಗಬೇಕು. ಪಂದ್ಯಕ್ಕೆ ಇಳಿಯುವುದು ಎರಡು ವರ್ಷ ತುಂಬಿದ ಮೇಲೆ. ಹಲವು ವರ್ಷ ಕುದುರೆಗಳ ಆರೈಕೆ ಮಾಡಿದ್ದ ಹಿರಿಯರೊಬ್ಬರನ್ನು ಕುಣಿಗಲ್ಲಿನ ಹೋಟೆಲೊಂದರಲ್ಲಿ ಭೇಟಿಯಾದಾಗ ನಾನು, ‘ನಿಮ್ಮ ಕಸುಬಿನಲ್ಲಿ ಕಷ್ಟದ್ದು ಯಾವುದು?’ ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ‘ಕಾಯೋದು ಸ್ವಾಮಿ. ಕುದುರೆ ಈಯೋದು ರಾತ್ರಿ ಹೊತ್ತು. ನಾವು ಕಾದು ಕುಂತಿದೀವಿ ಅಂತ ಅದಕ್ಕೆ ಗೊತ್ತಾಗಬಾರ್ದು. ಗೊತ್ತಾದರೆ ತಡೆದುಕೊಂಡುಬಿಡ್ತದೆ’ ಎಂದರು. ಹೆರಿಗೆಯ ಸಂಕೋಚವನ್ನು ಮೂಕ ಪ್ರಾಣಿಯಲ್ಲಿ ಹೀಗೆ ಗುರುತಿಸುವ ಮಾತನ್ನು ನಾನು ಯಾವ ಶಾಸ್ತ್ರಗ್ರಂಥದಲ್ಲಿಯೂ ಓದಿಲ್ಲ. ಕತ್ತಲೆಯಲ್ಲಿ, ಇದ್ದೂ ಇಲ್ಲದಂತೆ ಕುಳಿತು ಕಾಯುವುದೂ ಒಂದು ವಿದ್ಯೆ. ತಂದೆಯಿಂದ ಮಗನಿಗೆ ಕೈಯಿಂದ ಕೈಗೆ ಅದು ಬರಬೇಕು.

ಕುಣಿಗಲ್ಲಿನಂಥದೇ ಇನ್ನೊಂದು ಊರು ಇಟಲಿಯಲ್ಲಿದೆ. ಉತ್ತರ ಇಟಲಿಯ ಮಾಜೋರೆ ಸರೋವರದ ದಡದ ದೊರ್ಮೆಲೆತ್ತೊ ಎಂಬ ಪುಟ್ಟ ಪಟ್ಟಣ ಅದು. ೧೮೯೮ರಲ್ಲಿ ಫೆದೆರಿಕೊ ತೆಸಿಯೊ ಎಂಬಾತ ಅಲ್ಲಿ ಅಶ್ವಕ್ಷೇತ್ರವನ್ನು ಆರಂಭಿಸಿದ. ಶ್ರೀಮಂತ ಇಂಗ್ಲಿಷರ ಎದುರು ಅವನ ಬಂಡವಾಳ ಏನೂ ಅಲ್ಲ. ಅವನಿಗಿದ್ದದ್ದು ಕಣ್ಣು, ಲೆಕ್ಕ ಮತ್ತು ತಾಳ್ಮೆ. ಆ ಸರೋವರದ ದಡದಲ್ಲಿ ೧೯೩೫ರಲ್ಲಿ ಹುಟ್ಟಿದ ನೆಯಾರ್ಕೊ ಹದಿನಾಲ್ಕು ಪಂದ್ಯಗಳನ್ನು ಓಡಿ ಹದಿನಾಲ್ಕನ್ನೂ ಗೆದ್ದಿತು. ತೆಸಿಯೊನ ಯೋಜನೆಯಿಂದ ಬಂದ ಕೊನೆಯ ಮಹಾಶ್ವ ರಿಬೊ ಹದಿನಾರಕ್ಕೆ ಹದಿನಾರು ಗೆದ್ದಿತು. ಆದರೆ ಅದರ ಮೊದಲ ಓಟಕ್ಕೂ ಮುಂಚೆ, ೧೯೫೪ರ ಮೇ ತಿಂಗಳಲ್ಲಿ, ಆತ ತೀರಿಕೊಂಡಿದ್ದ. ಇಂದು ಜಗತ್ತಿನ ಓಟದ ಕುದುರೆಗಳಲ್ಲಿ ಬಹುಪಾಲಿನ ವಂಶಾವಳಿಯಲ್ಲಿ ನೆಯಾರ್ಕೊ ಹೆಸರು ಬರುತ್ತದೆ. ಸರೋವರದ ದಡದ ಒಂದು ಹಳ್ಳಿ ಹೀಗೆ ಲೋಕದ ಕುದುರೆಗಳ ತವರಾಯಿತು.

ಆ ಊರಿನ ಸಂಗತಿಯಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಗೆಲವಿನ ಪಟ್ಟಿಯಲ್ಲ. ೧೯೮೦ರಲ್ಲಿ ಅಲ್ಲಿ ಲಗೋನಿ ದಿ ಮೆರ್ಕುರಾಗೊ ಎಂಬ ನಿಸರ್ಗೋದ್ಯಾನ ಸ್ಥಾಪನೆಯಾಯಿತು. ಜವುಗು, ಕಾಡು, ಪ್ರಾಚೀನ ಮಾನವರು ನೀರಿನ ಅಂಚಿನಲ್ಲಿ ಕಂಬ ನೆಟ್ಟು ಕಟ್ಟಿಕೊಂಡಿದ್ದ ಮನೆಗಳ ಅವಶೇಷ, ಇವುಗಳೊಡನೆ ಕುದುರೆಗಳು ಮೇಯುವ ಹುಲ್ಲುಗಾವಲುಗಳೂ ಆ ಉದ್ಯಾನದ ಎಲ್ಲೆಯೊಳಗೆ ಸೇರಿದವು. ಕುದುರೆಯ ಮೇವುನೆಲವೂ ಪರಂಪರೆಯೇ ಎಂದು ಅವರು ಬಗೆದರು. ಕಾಡು, ಕೆರೆ, ಕುದುರೆಗಳನ್ನು ಬೇರೆ ಬೇರೆ ಕಡತಗಳಲ್ಲಿ ಇಡಲಿಲ್ಲ.

ನಮ್ಮಲ್ಲಿ ನಡೆದದ್ದು ಬೇರೆ. ಕುಣಿಗಲ್ಲಿನ ಕ್ಷೇತ್ರ ನಾನೂರು ಎಕರೆಗೂ ಮಿಕ್ಕಿದ ಭೂಮಿ. ರಾಜ್ಯದ ಪಶುಸಂಗೋಪನಾ ಇಲಾಖೆಯ ಸ್ವತ್ತು. ೧೯೯೨ರಲ್ಲಿ ಅದನ್ನು ಯುನೈಟೆಡ್ ರೇಸಿಂಗ್ ಅಂಡ್ ಬ್ಲಡ್‌ಸ್ಟಾಕ್ ಬ್ರೀಡರ್ಸ್ ಎಂಬ ಖಾಸಗಿ ಸಂಸ್ಥೆಗೆ ಮೂವತ್ತು ವರ್ಷದ ಗುತ್ತಿಗೆಗೆ ಕೊಡಲಾಯಿತು. ಆ ಅವಧಿ ೨೦೨೨ರಲ್ಲಿ ಮುಗಿಯಿತು. ಈ ನಡುವೆ ಹೆದ್ದಾರಿ ಅಗಲವಾಯಿತು. ೨೦೧೭ರಲ್ಲಿ ಬೆಂಗಳೂರು-ಹಾಸನ ರೈಲುಮಾರ್ಗ ಕುಣಿಗಲ್ಲಿನ ಮೂಲಕ ತೆರೆಯಿತು. ಬೆಂಗಳೂರು ಹತ್ತಿರ ಹತ್ತಿರ ಬಂದಿತು. ೨೦೨೪ರಲ್ಲಿ ಈ ಭೂಮಿಯಲ್ಲಿ ಉಪನಗರವನ್ನು ನಿರ್ಮಿಸುವ ಪ್ರಸ್ತಾಪವನ್ನು ಸರ್ಕಾರ ಮುಂದಿಟ್ಟಿತು. ಕುದುರೆ ಸಾಕಣೆಯವರೂ ಪರಂಪರೆಯ ಬಗ್ಗೆ ಕಾಳಜಿ ಉಳ್ಳವರೂ ವಿರೋಧವನ್ನು ಸೂಚಿಸಿದರು.

ಪ್ರತಿವಾದವನ್ನೂ ಕೇಳಬೇಕು. ಕುದುರೆಯ ಓಟ ಹಣವಂತರ ವಿನೋದ, ಬಾಜಿಯ ಚಟದಲ್ಲಿ ಮನೆಗಳು ಹಾಳಾಗಿವೆ, ಬಡವರಿಗೆ ಮನೆಯಿಲ್ಲದ ನಾಡಿನಲ್ಲಿ ಕುದುರೆಗೆ ನಾನೂರು ಎಕರೆಯೇಕೆ ಎಂದು ಕೇಳುವವರಿದ್ದಾರೆ. ಅವರ ಮಾತಿನಲ್ಲಿ ಸತ್ಯಾಂಶವಿದೆ. ಬಾಜಿಯ ಬಗ್ಗೆ ನನಗೂ ಆದರವಿಲ್ಲ. ಆದರೆ ಕುಣಿಗಲ್ಲು ಬಾಜಿಯ ಕಟ್ಟೆಯಾಗಿ ಹುಟ್ಟಿದ್ದಲ್ಲ. ಸುಲ್ತಾನ, ಕುಂಪಣಿ, ಮಹಾರಾಜರು, ಪ್ರಜಾಸರ್ಕಾರ, ಖಾಸಗಿ ಸಂಸ್ಥೆ ಹೀಗೆ ಎರಡು ಶತಮಾನಗಳಲ್ಲಿ ಯಜಮಾನರೂ ಉದ್ದೇಶಗಳೂ ಬದಲಾದವು. ಬದಲಾಗದೆ ಉಳಿದದ್ದು ಹುಲ್ಲು, ನೆರಳು, ಲಾಯ, ರಾತ್ರಿ ಕಾಯುವ ಕೈ. ಓಟ ನಾಳೆ ನಿಂತರೂ ನಮ್ಮ ದಸರೆಯ ಅಶ್ವಾರೋಹಿ ದಳಕ್ಕೆ, ಕುದುರೆಯ ವೈದ್ಯವನ್ನು ಕಲಿಯುವ ವಿದ್ಯಾರ್ಥಿಗೆ ಆ ನೆಲ ಬೇಕು. ಕಟ್ಟಡವನ್ನು ಬೇರೆ ಎಲ್ಲಿಯಾದರೂ ಕಟ್ಟಬಹುದು. ಇನ್ನೂರು ವರ್ಷ ನೇಗಿಲಿಗೂ ಇಟ್ಟಿಗೆಗೂ ಸಿಗದೆ ಉಳಿದ ಹುಲ್ಲುನೆಲವನ್ನು ಒಮ್ಮೆ ಅಗೆದರೆ ಮರಳಿ ತರುವ ಯಂತ್ರವಿಲ್ಲ. ಅಮೃತಮಹಲ್ ಕಾವಲುಗಳು ಒಂದೊಂದಾಗಿ ಕರಗಿಹೋದುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಡಳಿತದ ಭಾಷೆಯಲ್ಲಿ ‘ಖಾಲಿ ಜಾಗ’ ಎಂಬ ಮಾತೊಂದಿದೆ. ಯಾವುದು ಖಾಲಿ? ಜನರ ಮನಸ್ಸಿನಲ್ಲಿ ಯಾವುದಕ್ಕೆ ಕಥೆಯಿಲ್ಲವೋ ಅದು ಖಾಲಿಯಾಗಿ ಕಾಣುತ್ತದೆ. ಕುಣಿಗಲ್ ಕೆರೆಯನ್ನು ಯಾರೂ ಖಾಲಿ ಜಾಗವೆನ್ನಲಾರರು, ನೀರು ಬತ್ತಿದ ವರ್ಷದಲ್ಲಿಯೂ. ಹಾಡು ಅದನ್ನು ತುಂಬಿದೆ. ಕುದುರೆಯ ಬಯಲಿಗೆ ನಾವು ಸಾಹಿತ್ಯದವರು ಏನನ್ನು ಕೊಟ್ಟೆವು? ಅಶ್ವಮೇಧದ ಕುದುರೆಯ ಹಿಂದೆ ಆಸೇತು ಹಿಮಾಚಲ ತಿರುಗಿದ ನಾವು, ನಮ್ಮದೇ ಸೀಮೆಯಲ್ಲಿ ಹುಟ್ಟಿದ ಕುದುರೆಯನ್ನು ಬೇಲಿಯಾಚೆಗೆ ಬಿಟ್ಟೆವು. ಅರಸನ ಕುದುರೆ ಲಾಯದಲ್ಲಿಯೇ ಮುಪ್ಪಾಯಿತು ಎಂಬ ಗಾದೆ ನಮಗೇ ಅನ್ವಯಿಸುತ್ತದೆ.

ಹಾಡನ್ನು ಯಾರೂ ಅಪ್ಪಣೆ ಕೊಟ್ಟು ಕಟ್ಟಿಸಲಾಗದು. ಅದು ತಾನಾಗಿ ಬರಬೇಕು. ಆದರೆ ನಾವು ಮಾಡಬಹುದಾದ ಕೆಲಸ ಒಂದಿದೆ. ಜಾನಪದ ಕಲಿಯುವ ನಮ್ಮ ಹುಡುಗ ಹುಡುಗಿಯರು ಕುಣಿಗಲ್ಲಿಗೆ ಹೋಗುವಾಗ ಕೆರೆಯ ಏರಿಯ ಮೇಲೆ ನಿಂತು ಹಾಡಿ ಹಿಂದಿರುಗದೆ, ಕುದುರೆಯಾಳುಗಳ ಬೀದಿಗೂ ಹೋಗಲಿ. ಕುದುರೆಯ ಬಣ್ಣಗಳಿಗೆ, ನಡಿಗೆಗಳಿಗೆ, ಸುಳಿಗಳಿಗೆ, ರೋಗಗಳಿಗೆ ಆ ಜನರ ಬಾಯಲ್ಲಿ ಯಾವ ಯಾವ ಹೆಸರುಗಳಿವೆ ಎಂದು ಕೇಳಿ ಬರೆದುಕೊಳ್ಳಲಿ. ಲಾಳ ಕಟ್ಟುವವನ, ಹುರುಳಿ ಬೇಯಿಸಿದವನ, ಕಡಿವಾಣ ಹೊಲಿದವನ ಮಾತನ್ನು ದಾಖಲಿಸಲಿ. ಪದ್ಮಣ ಪಂಡಿತನ ಗ್ರಂಥದ ಪಕ್ಕದಲ್ಲಿ ಅದನ್ನೂ ಇಟ್ಟು ಓದೋಣ. ಆ ಹಿರಿಯರು ಒಬ್ಬೊಬ್ಬರಾಗಿ ಮುದುಕರಾಗುತ್ತಿದ್ದಾರೆ. ಕ್ಷೇತ್ರದ ಭವಿಷ್ಯವನ್ನು ಸರ್ಕಾರ ತೀರ್ಮ಼ಾನಿಸುವವರೆಗೆ ಅವರ ಆಯುಷ್ಯ ಕಾಯುವುದಿಲ್ಲ.